ಅಮಲಿಗೆ ನೂರೆಂಟು ಹೆಸರು

ಯಾವ ಜನ ಯಾವುದನ್ನು ಚೆನ್ನಾಗಿ ಬಲ್ಲರೆಂದು ತಿಳಿಯಬೇಕಾದರೆ ಅವರ ಮಾತಿನಲ್ಲಿ ಯಾವುದಕ್ಕೆ ಹೆಚ್ಚು ಹೆಸರುಗಳಿವೆಯೆಂದು ನೋಡಬೇಕು. ನಮ್ಮ ರೈತ ಬರಿಯ ‘ಮಳೆ’ ಎನ್ನುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಹುಬ್ಬೆ, ಉತ್ತರೆ ಎಂದು ಒಂದೊಂದು ಮಳೆಗೂ ಒಂದೊಂದು ನಕ್ಷತ್ರದ ಹೆಸರು ಹಿಡಿದು ಕರೆಯುತ್ತಾನೆ. ಮಳೆಯ ಮೇಲೆ ಅವನ ಬಾಳು ನಿಂತಿದೆಯಷ್ಟೆ. ಈ ಲೆಕ್ಕ ನಿಜವಾದರೆ, ಮನುಷ್ಯಕುಲವೆಲ್ಲ ಚೆನ್ನಾಗಿ ಬಲ್ಲ ವಿಷಯವೊಂದಿದೆ, ಅದು ಕುಡಿತ. ಕುಡಿದವನನ್ನು ಕುರಿತು ಹತ್ತಾರು ಮಾತುಗಳಿಲ್ಲದ ಭಾಷೆಯನ್ನು ನಾವು ಕಂಡಿಲ್ಲ.

ನಮ್ಮ ಭೋಸರಿಯಂತೂ ಭಾಷೆಗಳ ಸಂತೆ. 1962ರಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ವಿಕಾಸ ಮಹಾಮಂಡಳ, ಎಂದರೆ ಎಲ್ಲರ ಬಾಯಲ್ಲಿರುವ ಎಮ್‌ಐಡಿಸಿ, ಹುಟ್ಟಿದ ಮೇಲೆ ಈ ಬಯಲಿನಲ್ಲಿ ಕಾರಖಾನೆಗಳೆದ್ದವು. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯಿಂದಲೂ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯಿಂದಲೂ ನಮ್ಮವರು ಬಂದರು. ಇಲ್ಲಿ ವಾರದ ಸುಟ್ಟಿ ಗುರುವಾರ. ಆದುದರಿಂದ ಬುಧವಾರ ಸಂಜೆ ರಸ್ತೆಯಲ್ಲಿ ಕಿವಿಗೊಟ್ಟು ನಡೆದರೆ ನಾಲ್ಕೈದು ಭಾಷೆಗಳ ಒಂದು ಸಣ್ಣ ನಿಘಂಟೇ ಸಿಕ್ಕುತ್ತದೆ. ಮರಾಠಿಯವರು ‘ಚಢಲೀ’, ‘ಝಿಂಗಲಾ’, ‘ತರ್ರ್ ಝಾಲಾ’ ಎನ್ನುತ್ತಾರೆ. ಹಿಂದಿಯವರು ‘ಟಲ್ಲಿ’, ‘ಟುನ್’ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದವರು ‘ಏರೇತಿ’, ‘ಹಾಕ್ಕೊಂಡಾನ’ ಎಂದರೆ, ಮೈಸೂರು ಬೆಂಗಳೂರು ಕಡೆಯವರು ‘ಗುಂಡು ಹಾಕಿದಾನೆ’, ‘ಎಣ್ಣೆ ಹೊಡೆದಿದಾನೆ’ ಎನ್ನುತ್ತಾರೆ. ಎಲ್ಲರಿಗೂ ಒಪ್ಪಿತವಾದ ಮಾತೆಂದರೆ ‘ಫುಲ್ ಟೈಟ್’. ನಟ್ಟು ಬೋಲ್ಟುಗಳ ನಡುವೆ ದುಡಿಯುವ ಊರಿಗೆ ಈ ಮಾತು ಚೆನ್ನಾಗಿ ಹೊಂದಿದೆ. ಆದರೆ ಇದು ಇಲ್ಲಿ ಹುಟ್ಟಿದ್ದಲ್ಲ, 19ನೆಯ ಶತಮಾನದ ಇಂಗ್ಲಿಷರೇ ಕುಡಿದವನಿಗೆ ಇಟ್ಟ ಹೆಸರು.

ಈ ಮಾತುಗಳು ನಗೆ ತರಿಸುತ್ತವೆ. ಆದರೆ ನಗುತ್ತ ಎಣಿಸುತ್ತ ಹೋದಂತೆ ಬೇರೊಂದು ಪ್ರಶ್ನೆ ಏಳುತ್ತದೆ: ಇಷ್ಟೊಂದು ಹೆಸರು ಯಾತಕ್ಕೆ ಬೇಕಾಯಿತು? ಅದನ್ನೇ ಇಲ್ಲಿ ನಾಲ್ಕು ಮಾತಿನಲ್ಲಿ ವಿಚಾರಿಸೋಣ.

ಫ್ರಾಂಕ್ಲಿನ್ ಮಹಾಶಯನ ಪಟ್ಟಿ

ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕೊಟ್ಟವನು ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿನ ಗುಟ್ಟು ಬಿಡಿಸಿದ ವಿಜ್ಞಾನಿಯೂ ರಾಜಕಾರಣಿಯೂ ಆದ ಈತ ಮೊದಲು ಮುದ್ರಣಕಾರ. ಫಿಲಡೆಲ್ಫಿಯದಲ್ಲಿ ‘ಪೆನ್ಸಿಲ್ವೇನಿಯಾ ಗೆಜೆಟ್’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದ. ಅದರಲ್ಲಿ 1737ರಲ್ಲಿ ‘ಕುಡುಕರ ನಿಘಂಟು’ ಎಂದು ಒಂದು ಪಟ್ಟಿ ಅಚ್ಚಾಯಿತು. ಪಾನಗೃಹಗಳ ಮಾತುಕತೆಯಿಂದ ಆಯ್ದ, ‘ಅವನು ಕುಡಿದಿದ್ದಾನೆ’ ಎಂಬ ಒಂದೇ ಅರ್ಥದ ಇನ್ನೂರಕ್ಕೂ ಹೆಚ್ಚು ನುಡಿಗಟ್ಟುಗಳು ಅದರಲ್ಲಿದ್ದವು.

ಪಟ್ಟಿಗಿಂತ ಅದರ ಪೀಠಿಕೆ ನಮಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ. ಅಲ್ಲಿಯ ವಾದದ ಸಾರ ಹೀಗಿದೆ: ಪ್ರತಿಯೊಂದು ದುರ್ಗುಣವೂ ಒಂದು ಸದ್ಗುಣದ ಹೆಸರನ್ನು ಸಾಲವಾಗಿ ತಂದು ತೊಟ್ಟುಕೊಳ್ಳುತ್ತದೆ. ಜಿಪುಣ ತನ್ನನ್ನು ಜಾಣನೆಂದು ಕರೆದುಕೊಳ್ಳುತ್ತಾನೆ. ದುಂದುಗಾರ ತಾನು ಉದಾರಿಯೆನ್ನುತ್ತಾನೆ. ಆದರೆ ಕುಡಿತಕ್ಕೆ ಮಾತ್ರ ಸಾಲ ಕೊಡಬಲ್ಲ ಸದ್ಗುಣ ಯಾವುದೂ ಇಲ್ಲ. ಪಾಪ, ಅದು ಏನು ಮಾಡೀತು? ಸುತ್ತುಬಳಸಿನ ಮಾತುಗಳ ಹಿಂದೆ ಅಡಗುತ್ತದೆ. ಒಂದು ಮಾತಿನ ಗುಟ್ಟು ಎಲ್ಲರಿಗೂ ತಿಳಿದೊಡನೆ ಮತ್ತೊಂದನ್ನು ಹುಡುಕುತ್ತದೆ. ಹೀಗೆ ಪಟ್ಟಿ ಬೆಳೆಯುತ್ತ ಹೋಗುತ್ತದೆ.

ಎಂದರೆ, ಮಳೆಗೆ ಹೆಸರು ಹೆಚ್ಚಾದದ್ದು ಅದನ್ನು ಸರಿಯಾಗಿ ಗುರುತಿಸುವುದಕ್ಕೆ. ಕುಡಿತಕ್ಕೆ ಹೆಸರು ಹೆಚ್ಚಾದದ್ದು ಗುರುತು ಮರೆಸುವುದಕ್ಕೆ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು.

ನಾವಿಕರು ಮತ್ತು ದ್ರಾಕ್ಷಿಯ ಜನ

ಮರೆಮಾಚುವ ಮಾತಾದರೂ ಅದನ್ನು ಎಲ್ಲಿಂದಲೋ ತರಬೇಕಲ್ಲ! ಪ್ರತಿಯೊಂದು ಜನವೂ ಅದನ್ನು ತನ್ನ ಕಸುಬಿನಿಂದ ತಂದಿದೆ. ಇಂಗ್ಲಿಷರು ಹಡಗಿನವರು. ವಿಪರೀತ ಕುಡಿದವನನ್ನು ಅವರು ‘ಮೂರು ಹಗ್ಗ ಗಾಳಿಗೆ ಬಿಟ್ಟವನು’ ಎನ್ನುತ್ತಾರೆ. ಹಾಯಿಯ ತುದಿಯನ್ನು ಬಿಗಿದು ಹಿಡಿಯುವ ಹಗ್ಗ ಸಡಿಲಾದರೆ ಹಾಯಿ ಪಟಪಟ ಹೊಡೆದುಕೊಂಡು ಹಡಗು ಅತ್ತಿತ್ತ ಓಲಾಡುವುದಷ್ಟೆ. ಮೂರೂ ಸಡಿಲಾದವನ ನಡಿಗೆಯನ್ನು ಬೇರೆ ವರ್ಣಿಸಬೇಕಾಗಿಲ್ಲ. ‘ಅರ್ಧ ಸಮುದ್ರ ದಾಟಿದವನು’ ಎಂಬುದೂ ಅವರದೇ ಮಾತು. ಇನ್ನೊಂದು, ‘ದೊರೆಯಂತೆ ಕುಡಿದವನು’ ಎಂಬುದು. ಮರುದಿನದ ದುಡಿಮೆಯ ಚಿಂತೆಯಿಲ್ಲದೆ ಕುಡಿಯಬಲ್ಲವನು ದೊರೆಯೊಬ್ಬನೇ ಎಂಬ ಬಡವರ ಚುಚ್ಚುಮಾತು ಇದ್ದೀತು.

ಸ್ಪ್ಯಾನಿಷರು ದ್ರಾಕ್ಷಿ ಬೆಳೆಯುವ ನಾಡಿನವರು. ಅವರಲ್ಲಿ ಕುಡಿದವನು ‘ಪೀಪಾಯಿಯಂತೆ’ ಇರುತ್ತಾನೆ, ಇಲ್ಲವೆ ‘ದ್ರಾಕ್ಷಿಯೇ ಆಗಿಬಿಟ್ಟಿರುತ್ತಾನೆ’. ಕುಡುಕನಿಗೆ ‘ಬೊರಾಚೊ’ ಎಂದು ಅವರ ಶಬ್ದ; ದ್ರಾಕ್ಷಾರಸ ತುಂಬಿಡುವ ಚರ್ಮದ ಚೀಲಕ್ಕೂ ಇದೇ ಬಳಗದ ಹೆಸರಿದೆ. ನಿತ್ಯ ಕುಡಿಯುವವನು ‘ಮೊಳಕೈ ಎತ್ತುವವನು’. ಇವೆಲ್ಲಕ್ಕಿಂತ ನಮಗೆ ಹತ್ತಿರವೆನಿಸುವುದು ಇನ್ನೊಂದು ಮಾತು. ಕುಡಿದು ಮಲಗಿದವನನ್ನು ಅವರು ‘ಹೆಣ್ಣು ಕೋತಿಯನ್ನು ಮಲಗಿಸುತ್ತಿದ್ದಾನೆ’ ಎನ್ನುತ್ತಾರೆ. ಏಳು ಸಮುದ್ರದಾಚೆಯ ಸ್ಪೇನಿಗೂ ನಮಗೂ ಏನು ಸಂಬಂಧ? ಆದರೂ ನಮ್ಮ ಗಾದೆಯಲ್ಲೂ ಅದೇ ಕೋತಿ ಕುಳಿತಿದೆ. ‘ಮೊದಲೇ ಕೋತಿ, ಮೇಲೆ ಹೆಂಡ ಕುಡಿದಿದೆ’ ಎಂದು ನಾವು ಎಂದಿನಿಂದಲೂ ಹೇಳುತ್ತ ಬಂದಿದ್ದೇವೆ.

ಮರುದಿನ ಬೆಳಗಿನ ಸಂಕಟಕ್ಕೂ ಸ್ಪ್ಯಾನಿಷ್ ನಾಡುಗಳಲ್ಲಿ ಬೇರೆಬೇರೆ ಹೆಸರುಗಳಿವೆ. ಸ್ಪೇನಿನವರು ‘ರೆಸಾಕಾ’ ಎನ್ನುತ್ತಾರೆ. ದಡಕ್ಕೆ ಬಡಿದ ತೆರೆ ಹಿಂದಕ್ಕೆ ಸೆಳೆಯುವುದಕ್ಕೆ ಆ ಹೆಸರು. ಮೆಕ್ಸಿಕೋದವರು ‘ಹಸಿ’ ಎನ್ನುತ್ತಾರೆ, ವೆನಿಜುವೆಲಾದವರು ‘ಇಲಿ’ ಎನ್ನುತ್ತಾರೆ. ತಲೆಯೊಳಗೆ ಇಲಿ ಕೊರೆಯುವ ಅನುಭವವನ್ನು ಬಲ್ಲವರೇ ಬಲ್ಲರು! ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಬೆಳೆಯಲಿಲ್ಲ. ‘ಇನ್ನೂ ಇಳಿದಿಲ್ಲ’ ಎಂದಷ್ಟೇ ಹೇಳಿ ಮುಗಿಸುತ್ತೇವೆ.

ನಮ್ಮ ಕನ್ನಡದ ಮಾತು

ಇನ್ನು ನಮ್ಮ ಮನೆಗೆ ಬರೋಣ. ಕನ್ನಡದಲ್ಲಿ ಕುಡಿತದ ಶಬ್ದಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಒಂದೊಂದು ಶಬ್ದದ ಬೆನ್ನಿಗೂ ಇನ್ನೊಂದು ಅರ್ಥ ಅಂಟಿಕೊಂಡಿದೆ. ಎರಡನೆಯ ಅರ್ಥ ಮೊದಲನೆಯದಕ್ಕೆ ವ್ಯಾಖ್ಯಾನ ಬರೆದಂತಿದೆ.

‘ಅಮಲು’ ಎಂಬ ಮಾತನ್ನೇ ತೆಗೆದುಕೊಳ್ಳಿ. ಇದು ಅರಬ್ಬಿಯಿಂದ ಬಂದದ್ದು. ಕೆಲಸ, ಆಡಳಿತ, ಅಧಿಕಾರ ಎಂದು ಅದರ ಅರ್ಥ. ಮೈಸೂರು ಸಂಸ್ಥಾನದಲ್ಲಿ ತಾಲೂಕಿನ ಅಧಿಕಾರಿಗೆ ಅಮಲ್ದಾರನೆಂದು ಹೆಸರಿತ್ತು. ಮರಾಠಿಯಲ್ಲಿ ಇಂದಿಗೂ ‘ಅಂಮಲ’ ಎಂದರೆ ಆಳ್ವಿಕೆಯೂ ಹೌದು, ಮಾದಕವೂ ಹೌದು. ‘ಅಂಮಲಬಜಾವಣಿ’ ಎಂದು ಸರಕಾರಿ ಕಾಗದಗಳಲ್ಲಿ ನಾವು ಕಾಣುತ್ತಲೇ ಇರುತ್ತೇವೆ. ಅಮಲೇರಿತೆಂದರೆ ಮೈಮೇಲೆ ಬೇರೊಬ್ಬರ ಆಳ್ವಿಕೆ ಬಂತೆಂದು ಅರ್ಥ. ಇಂಗ್ಲಿಷರ ಕುಡುಕ ತಾನೇ ದೊರೆಯಾದ. ನಮ್ಮ ಕುಡುಕನ ಮೇಲೆ ದೊರೆಯೊಬ್ಬ ಬಂದು ಕುಳಿತ. ಯಾವ ಮಾತು ನಿಜಕ್ಕೆ ಹತ್ತಿರವೆಂದು ಅವನ ಮನೆಯವರನ್ನು ಕೇಳಬೇಕು.

‘ನಿಶೆ’ ಎಂಬುದು ಎರಡನೆಯದು. ಸಂಸ್ಕೃತದಲ್ಲಿ ನಿಶೆಯೆಂದರೆ ರಾತ್ರಿ. ಅರಬ್ಬಿ ಪಾರ್ಸಿಯಿಂದ ಬಂದ ‘ನಶಾ’ ಕನ್ನಡದ ಬಾಯಲ್ಲಿ ತಿರುಗಿ ಅದೂ ನಿಶೆಯಾಯಿತು. ‘ಮತ್ತು’ ಮೂರನೆಯದು. ಸೊಕ್ಕಿದವನೆಂಬ ಅರ್ಥದ ಸಂಸ್ಕೃತದ ‘ಮತ್ತ’ದಿಂದ ಇದು ಬಂದಿದೆ, ಆದರೆ ಒಂದರ ಮುಂದೆ ಇನ್ನೊಂದನ್ನು ಜೋಡಿಸುವ ಮಾತೂ ನಮ್ಮಲ್ಲಿ ‘ಮತ್ತು’ ಎಂದೇ ಇದೆ. ಒಂದು ಲೋಟ ಮತ್ತು ಇನ್ನೊಂದು ಲೋಟ ಮತ್ತು ಇನ್ನೊಂದು. ವ್ಯಾಕರಣ ಪಂಡಿತರೂ ಇದಕ್ಕಿಂತ ಚೆನ್ನಾಗಿ ವಿವರಿಸಲಾರರು. ಹಳಗನ್ನಡದಲ್ಲಿ ‘ಕಳ್’ ಎಂದರೆ ಹೆಂಡವೂ ಆಗುತ್ತದೆ, ಕದಿಯುವುದೂ ಆಗುತ್ತದೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾರಾಯಿಗೆ ‘ಸೆರೆ’ ಎನ್ನುವರಷ್ಟೆ, ಸೆರೆಯೆಂದರೆ ಬಂದೀಖಾನೆ. ಶಬ್ದಶಾಸ್ತ್ರಜ್ಞರು ಇವು ಬೇರೆಬೇರೆ ಮೂಲದವು, ಕಾಕತಾಳೀಯವಾಗಿ ಒಂದೇ ರೂಪಕ್ಕೆ ಬಂದವು ಎಂದಾರು. ಅದು ನಿಜವೇ. ಆದರೆ ‘ಸೆರೆ ಬಿಡಿಸಿದರು’ ಎಂಬ ಮಾತಿಗೆ ಎರಡೂ ಅರ್ಥ ಒಪ್ಪುತ್ತದೆಯೆಂಬುದನ್ನು ಯಾರು ಅಲ್ಲಗಳೆಯಬಲ್ಲರು?

ಏರುವ ಇಳಿಯುವ ಮಾತುಗಳಂತೂ ಎಲ್ಲರಿಗೂ ಸಮಾನ. ನಮ್ಮದು ತಲೆಗೇರುತ್ತದೆ, ನೆತ್ತಿಗೇರುತ್ತದೆ, ಮರಾಠಿಯದು ‘ಚಢತೇ’, ಇಂಗ್ಲಿಷಿನವನು ‘ಎತ್ತರದಲ್ಲಿ’ ಇರುತ್ತಾನೆ. ಅಳತೆಯ ಮಾತುಗಳೂ ಇವೆ: ಕಂಠಪೂರ್ತಿ, ಮೂಗಿನ ಮಟ್ಟ. ಇವೆಲ್ಲ ಆದ ಮೇಲೆ ಕೊನೆಯ ಮಾತು ‘ಅಡ್ಡ ಬಿದ್ದ’ ಎಂಬುದು. ಈ ‘ಅಡ್ಡ’ವನ್ನು ನೆನಪಿನಲ್ಲಿಡಿರಿ, ಲೇಖನದ ಕೊನೆಗೆ ಅದರಿಂದ ಕೆಲಸವಿದೆ.

ದೇವರ ಹೆಸರನ್ನೂ ನಾವು ಬಿಟ್ಟಿಲ್ಲ. ಮಂಡಿಗೆ ಕೂತವರು ‘ತೀರ್ಥ’ ಎನ್ನುತ್ತಾರೆ, ‘ಪರಮಾತ್ಮ ಒಳಗಿಳಿದ’ ಎನ್ನುತ್ತಾರೆ. ತುಳುವಿನಲ್ಲಿ ಸಾರಾಯಿಗೆ ‘ಗಂಗಸರ’ ಎಂದು ಹೆಸರು. ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದವರೂ ನಮ್ಮಲ್ಲಿ ಇದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದವನೊಬ್ಬನಿದ್ದ. ಹೆಂಡದ ಮಾರಯ್ಯನೆಂದೇ ಅವನ ಹೆಸರು ಉಳಿದಿದೆ. ಅವನು ಹೆಂಡವನ್ನು ತೀರ್ಥವೆಂದು ಕರೆಯಲಿಲ್ಲ. ಹೆಂಡವನ್ನು ಹೆಂಡವೆಂದೇ ಕರೆದು, ಆ ಮಾತಿನಿಂದಲೇ ತತ್ವವನ್ನು ಹೇಳಿದ.

ರತ್ನ ಮತ್ತು ತಳೀರಾಮ

ಕನ್ನಡಿಗರಿಗೆ ಕುಡುಕನೆಂದೊಡನೆ ನೆನಪಾಗುವವನು ರತ್ನ. ಜಿ. ಪಿ. ರಾಜರತ್ನಂ ಅವರು 1930ರ ದಶಕದಲ್ಲಿ ಸೃಷ್ಟಿಸಿದ ಈ ಹೆಂಡಗುಡುಕ ಹಳ್ಳಿಯ ಆಡುನುಡಿಯಲ್ಲಿ ಹಾಡುತ್ತಾನೆ. ಹೆಂಡತಿ ನಂಜಿಯ ಮೇಲೆ ಅವನಿಗೆ ಪ್ರಾಣ. ಕನ್ನಡದ ಮೇಲೆ ಅದಕ್ಕೂ ಮಿಗಿಲಾದ ಪ್ರಾಣ. ಅವನನ್ನು ಪ್ರೀತಿಸದ ಕನ್ನಡಿಗನಿಲ್ಲ. ರಾಜ್ಯೋತ್ಸವದ ದಿನ ಪರನಾಡಿನ ಕನ್ನಡ ಸಂಘಗಳ ವೇದಿಕೆಯಲ್ಲಿ ಅವನ ಪದಗಳಿಗೆ ಚಪ್ಪಾಳೆ ತಪ್ಪಿದ್ದಿಲ್ಲ. ಇದನ್ನು ಬರೆದ ರಾಜರತ್ನಂ ಅವರು ಸ್ವತಃ ಹೆಂಡವನ್ನು ಮುಟ್ಟಿದವರಲ್ಲವೆಂಬುದು ಪ್ರಸಿದ್ಧವಾಗಿದೆ.

ಮರಾಠಿಗರಿಗೆ ನೆನಪಾಗುವವನು ತಳೀರಾಮ. ರಾಮ ಗಣೇಶ ಗಡಕರಿಯವರ ‘ಏಕಚ ಪ್ಯಾಲಾ’ ನಾಟಕ, ಎಂದರೆ ‘ಒಂದೇ ಒಂದು ಬಟ್ಟಲು’, 1919ರಲ್ಲಿ ರಂಗಕ್ಕೆ ಬಂತು. ಅದೇ ವರ್ಷದ ಜನವರಿಯಲ್ಲಿ ಗಡಕರಿಯವರು ತೀರಿಕೊಂಡಿದ್ದರು. ಸುಧಾಕರನೆಂಬ ಬುದ್ಧಿವಂತ ವಕೀಲ, ಸಿಂಧು ಎಂಬ ಅವನ ಸಾಧ್ವಿ ಹೆಂಡತಿ. ಅವಮಾನವಾದ ಒಂದು ಗಳಿಗೆಯಲ್ಲಿ ‘ಒಂದೇ ಬಟ್ಟಲು’ ಎಂದು ಅವನಿಗೆ ರುಚಿ ತೋರಿಸುವವನೇ ತಳೀರಾಮ. ಕುಡುಕರ ಕೂಟಕ್ಕೆ ‘ಆರ್ಯಮದಿರಾಮಂಡಳ’ ಎಂಬ ಘನವಾದ ಹೆಸರಿಟ್ಟವರ ಮುಂದಾಳು ಇವನು! ಕೊನೆಗೆ ಸಿಂಧು ಸಾಯುತ್ತಾಳೆ, ಸುಧಾಕರನೂ ಉಳಿಯುವುದಿಲ್ಲ. ಸಿಂಧುವಿನ ಪಾತ್ರದಲ್ಲಿ ಬಾಲಗಂಧರ್ವರು ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿದರು. ಆದರೆ ಭಾಷೆಯಲ್ಲಿ ಉಳಿದ ಹೆಸರು ಸಿಂಧುವಿನದೂ ಅಲ್ಲ, ಸುಧಾಕರನದೂ ಅಲ್ಲ, ತಳೀರಾಮನದು. ಇಂದಿಗೂ ಪುಣೆಯ ಮರಾಠಿ ಪತ್ರಿಕೆಗಳು ಡಿಸೆಂಬರ 31ರ ಸುದ್ದಿ ಬರೆಯುವಾಗ ‘ತಳೀರಾಮರ ಮೇಲೆ ಪೋಲೀಸರ ಕಣ್ಣು’ ಎಂಬಂತೆ ತಲೆಬರಹ ಕೊಡುತ್ತವೆ.

ಎರಡು ನೆರೆಯ ಭಾಷೆಗಳು, ಎರಡು ಕುಡುಕರು. ಒಬ್ಬನು ಪ್ರೀತಿ ಹುಟ್ಟಿಸುತ್ತಾನೆ, ಇನ್ನೊಬ್ಬನು ಎಚ್ಚರಿಸುತ್ತಾನೆ. ಎರಡೂ ಸಾಹಿತ್ಯಕ್ಕೆ ಬೇಕು. ಆದರೆ ಒಂದು ಮಾತು: ರತ್ನ ವೇದಿಕೆಯ ಮೇಲಿರುವವರೆಗೆ ಸೊಗಸು. ಅವನು ಪಕ್ಕದ ಖೋಲಿಯಲ್ಲಿ ಬಾಡಿಗೆಗೆ ಬಂದರೆ ನಂಜಿಯ ಮಾತನ್ನೂ ಕೇಳಬೇಕಾಗುತ್ತದೆ.

ಕಾಯದೆ ಕೊಟ್ಟ ಮಾತುಗಳು

ಕಾಯದೆಯೂ ಈ ನಿಘಂಟಿಗೆ ತನ್ನ ಪಾಲನ್ನು ಸೇರಿಸಿದೆ. ನಮ್ಮಲ್ಲಿ ಹಿರಿಯರಾದವರ ತಂದೆತಾಯಿಗಳು ಬಾಳಿದ ಬೆಳಗಾವಿ, ವಿಜಯಪುರ, ಧಾರವಾಡ, ಕಾರವಾರ ಜಿಲ್ಲೆಗಳು 1956ರ ನವೆಂಬರ 1ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಆ ರಾಜ್ಯವು 1949ರಲ್ಲಿ ಪಾನಬಂದಿಯ ಕಾಯದೆಯನ್ನು ಮಾಡಿತು. ಅಂದು ಭೋಸರಿಗೂ ಬೆಳಗಾವಿಗೂ ಅದೇ ಕಾಯದೆ. ಮಹಾರಾಷ್ಟ್ರದಲ್ಲಿ ಅದು ಸಡಿಲವಾದರೂ ಪೂರ್ತಿ ಅಳಿಯಲಿಲ್ಲ. ಇಂದಿಗೂ ಕಾಯದೆಯ ಪ್ರಕಾರ ಇಲ್ಲಿ ಕುಡಿಯುವವನ ಬಳಿ ಪರವಾನಗಿ ಇರಬೇಕು. ‘ಪರ್ಮಿಟ್ ರೂಮ್’ ಎಂದು ದಾರಿಯುದ್ದಕ್ಕೂ ಕಾಣುವ ಫಲಕಗಳ ಮೂಲ ಇದು. ನಿಷೇಧಕ್ಕಾಗಿ ಹುಟ್ಟಿದ ಮಾತು ಈಗ ಆಮಂತ್ರಣದ ಫಲಕವಾಗಿ ನಿಂತಿದೆ. ಬಿಯರಿಗೆ 21, ವಿಸ್ಕಿ ಮುಂತಾದ ಕಡುಮದ್ಯಕ್ಕೆ 25 ವರ್ಷ ತುಂಬಿರಬೇಕೆಂಬ ನಿಯಮವೂ ಇದೆಯೆಂಬುದನ್ನು ಊರಿಂದ ಹೊಸದಾಗಿ ಬಂದ ಹುಡುಗರು ತಿಳಿದಿರುವುದು ಒಳ್ಳೆಯದು.

ಕರ್ನಾಟಕದಲ್ಲಿ ಇನ್ನೊಂದು ಬಗೆ ನಡೆಯಿತು. ಅಲ್ಲಿ ಸಾರಾಯಿ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತಿದ್ದ ಕಾಲದಲ್ಲಿ ‘ಪಾಕೀಟು’ ಎಂದರೆ ಸಾರಾಯಿ ಎಂದೇ ಅರ್ಥವಾಗಿತ್ತು. 2007ರ ಜುಲೈ 1ರಿಂದ ಸರಕಾರ ಸಾರಾಯಿ ಮಾರಾಟವನ್ನು ನಿಲ್ಲಿಸಿತು. ಪಾಕೀಟಿನ ಮಾತು ಮರೆಯಾಯಿತು; ಅದರ ಗಾದಿಯಲ್ಲಿ ಅಗ್ಗದ ವಿಸ್ಕಿಯ ‘ನೈಂಟಿ’, ‘ಕ್ವಾರ್ಟರ್’ ಬಂದು ಕುಳಿತವು. ಮಾತು ಬದಲಾದಷ್ಟು ಬೇಗ ಮನೆ ಬದಲಾಗಲಿಲ್ಲ. ಅದರಿಂದಲೇ 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಹೆಣ್ಣುಮಕ್ಕಳು ಪೂರ್ಣ ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರು ನಡೆದರು. ನಿಷೇಧದಿಂದ ಕಳ್ಳಭಟ್ಟಿ ಹೆಚ್ಚುತ್ತದೆಂಬ ವಾದವೂ ಸುಳ್ಳಲ್ಲ. 2008ರ ಮೇ ತಿಂಗಳಲ್ಲಿ ಕರ್ನಾಟಕ ತಮಿಳುನಾಡಿನ ಗಡಿಯಲ್ಲಿಯೂ 2015ರ ಜೂನಿನಲ್ಲಿ ಮುಂಬಯಿಯ ಮಾಲವಣಿಯಲ್ಲಿಯೂ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಮದ್ಯವೆಂದು ಮಾರಿದ್ದರಲ್ಲಿ ಮೆಥನಾಲ್ ಎಂಬ ಕಾರಖಾನೆಯ ರಸಾಯನ ಸೇರಿದರೆ ಮೊದಲು ಕಣ್ಣು, ಆಮೇಲೆ ಪ್ರಾಣ ಹೋಗುತ್ತದೆ. ಕಾಯದೆಯ ತಕ್ಕಡಿ ಯಾವ ಕಡೆಗೆ ವಾಲಬೇಕೆಂಬುದು ದೊಡ್ಡವರ ಚರ್ಚೆ. ನಾವು ಮನೆಯೊಳಗಿನ ಮಾತಿಗೆ ಬರೋಣ.

ಮನೆಯ ನಿಘಂಟು

ಹೊರಗೆ ಗೆಳೆಯರು ಇಟ್ಟ ಹೆಸರುಗಳನ್ನು ಇಷ್ಟು ಹೊತ್ತು ಕಂಡೆವು. ಮನೆಯಲ್ಲಿ ಹೆಂಗಸರು ಇಡುವ ಹೆಸರುಗಳು ಬೇರೆ. ಅವು ಯಾವ ನಿಘಂಟಿನಲ್ಲೂ ಇಲ್ಲ. ‘ಇವರಿಗೆ ಮೈಯಾಗ ಆರಾಮಿಲ್ಲ’ ಎಂದು ಕಾರಖಾನೆಗೆ ಫೋನು ಹೋಗುತ್ತದೆ. ‘ರಾತ್ರಿ ಪಾಳಿ ಆಗಿತ್ತು, ಮಲಗ್ಯಾರ’ ಎಂದು ನೆರೆಯವರಿಗೆ ಉತ್ತರ ಸಿಗುತ್ತದೆ. ‘ಅಪ್ಪಗ ದಣಿವಾಗೇತಿ, ಗದ್ದಲ ಮಾಡಬ್ಯಾಡ್ರಿ’ ಎಂದು ಮಕ್ಕಳಿಗೆ ಗದರಿಕೆ ಬೀಳುತ್ತದೆ. ಊರಿನಿಂದ ಅತ್ತೆಯವರು ಫೋನು ಮಾಡಿ ಮಗನ ಕ್ಷೇಮ ಕೇಳಿದರೆ ‘ಚಲೋ ಅದಾರ್ರೀ ಅತ್ತಿ’ ಎಂದು ಸೊಸೆ ಹೇಳುತ್ತಾಳೆ. ‘ಸ್ವಲ್ಪ ತಗೋತಾರ, ಯಾರು ತಗೊಳ್ಳಂಗಿಲ್ಲ?’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ.

ಫ್ರಾಂಕ್ಲಿನ್ ಹೇಳಿದ ಸುತ್ತುಬಳಸು ಇಲ್ಲಿ ಇನ್ನೊಂದು ರೂಪ ತಾಳಿದೆ. ಗೆಳೆಯರ ಮಾತು ಮೋಜಿಗಾಗಿ ಮರೆಮಾಚುತ್ತದೆ. ಮನೆಯವರ ಮಾತು ಮರ್ಯಾದೆಗಾಗಿ ಮರೆಮಾಚುತ್ತದೆ. ಸ್ವಂತ ಊರಿನಲ್ಲಿಯಾದರೆ ಕಾಕಾ, ಮಾಮಾ, ಓಣಿಯ ಹಿರಿಯರು ಎಂದು ನಾಲ್ಕು ಜನ ಕಂಡು ಕಟ್ಟೆಗೆ ಕರೆದು ಬುದ್ಧಿ ಹೇಳುವರು. ಪರಊರಿನಲ್ಲಿ ಆ ಕಟ್ಟೆಯಿಲ್ಲ. ಕಾಟ್ ಬೇಸಿಸ್ಸಿನ ಖೋಲಿಯಲ್ಲಿ ಒಂಟಿಯಾಗಿರುವ ಹುಡುಗನನ್ನು ಕೇಳುವವರಿಲ್ಲ. ಸಂಸಾರವಂದಿಗನ ಹೆಂಡತಿಗೆ ಭಾಷೆ ಬಾರದ ನೆರೆಯಲ್ಲಿ ಹೇಳಿಕೊಳ್ಳುವ ಬಾಯಿಲ್ಲ. ಹೀಗೆ ಬೇನೆಯೊಂದು ಹೆಸರಿಲ್ಲದೆ ವರುಷಗಟ್ಟಲೆ ಬೆಳೆಯುತ್ತದೆ. ಮಕ್ಕಳು ಮಾತ್ರ ಮೋಸಹೋಗುವುದಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಡುವ ಸಪ್ಪಳದಿಂದಲೇ ಇಂದು ಎಷ್ಟು ‘ಏರಿದೆ’ ಎಂದು ಅಳೆಯಬಲ್ಲವರು ಅವರು.

ಇದ್ದದ್ದನ್ನು ಇದ್ದಂತೆ

ವೈದ್ಯರು ಈ ಸ್ಥಿತಿಗೆ ನೇರವಾದ ಹೆಸರು ಇಟ್ಟಿದ್ದಾರೆ. ಅಮೇರಿಕದ ವೈದ್ಯಸಂಘವು ಮದ್ಯವ್ಯಸನವನ್ನು 1956ರಲ್ಲಿಯೇ ಚಿಕಿತ್ಸೆಗೆ ತಕ್ಕ ಕಾಯಿಲೆಯೆಂದು ಒಪ್ಪಿತು. 1976ರಲ್ಲಿ ಎಡ್ವರ್ಡ್ಸ್ ಮತ್ತು ಗ್ರಾಸ್ ಎಂಬ ವೈದ್ಯರು ‘ಮದ್ಯದ ಅವಲಂಬನೆ’ಯ ಲಕ್ಷಣಗಳನ್ನು ಗುರುತಿಸಿದರು. ಕುಡಿಯಲೇಬೇಕೆಂಬ ತಡೆಯಲಾರದ ಹಂಬಲ. ಮೊದಲಿನ ಪರಿಣಾಮಕ್ಕೆ ಬರಬರುತ್ತ ಹೆಚ್ಚು ಬೇಕಾಗುವುದು. ಬಿಟ್ಟರೆ ಕೈನಡುಕ, ಬೆವರು, ನಿದ್ರೆಗೇಡು. ಅದನ್ನು ತಡೆಯಲು ಬೆಳಗಾಗೆದ್ದು ಮತ್ತೆ ಕುಡಿಯುವುದು. ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು. ಇವು ಕಂಡರೆ ಅದು ಹಟವಲ್ಲ, ಕೆಟ್ಟ ಚಾಳಿ ಮಾತ್ರವೂ ಅಲ್ಲ, ಬೇನೆ.

ಇಲ್ಲಿ ತಾಯಂದಿರಿಗೂ ಅಕ್ಕತಂಗಿಯರಿಗೂ ಒಂದು ಎಚ್ಚರಿಕೆ. ಬಹುಕಾಲ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬಾರದು. ಒಂದೆರಡು ದಿನಗಳಲ್ಲಿ ಫಿಟ್ಸು, ಭ್ರಮೆ ಬಂದು ಪ್ರಾಣಾಪಾಯವೂ ಆಗಬಹುದು. ವೈದ್ಯರ ಕಣ್ಣಳತೆಯಲ್ಲಿ ಔಷಧ ಕೊಟ್ಟು ಬಿಡಿಸುವುದೇ ಸರಿಯಾದ ದಾರಿ.

ಹೆಸರಿಟ್ಟು ಕರೆಯುವುದರಲ್ಲಿಯೇ ಅರ್ಧ ಬಿಡುಗಡೆಯಿದೆಯೆಂದು ಕಂಡುಕೊಂಡವರು ಅಮೇರಿಕದ ಆಕ್ರನ್ ನಗರದಲ್ಲಿ ಕಲೆತ ಇಬ್ಬರು ಕುಡುಕರು. 1935ರಲ್ಲಿ ಅವರು ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಇಂದು ಲೋಕವನ್ನೆಲ್ಲ ವ್ಯಾಪಿಸಿದೆ. ಅಲ್ಲಿ ಸದಸ್ಯನು ಎದ್ದುನಿಂತು ಮೊದಲು ತನ್ನ ಹೆಸರು ಹೇಳುತ್ತಾನೆ, ಆಮೇಲೆ ತಾನು ಮದ್ಯವ್ಯಸನಿ ಎನ್ನುತ್ತಾನೆ. ‘ಟೈಟ್’ ಇಲ್ಲ, ‘ತೀರ್ಥ’ ಇಲ್ಲ, ‘ಆರಾಮಿಲ್ಲ’ ಇಲ್ಲ. ಕುಡಿಯುವವರ ಮನೆಯವರಿಗಾಗಿ ‘ಅಲ್-ಅನಾನ್’ ಎಂಬ ಬಳಗ 1951ರಿಂದ ನಡೆದಿದೆ. ನಮ್ಮ ಪುಣೆಯಲ್ಲಿಯೇ ಡಾ. ಅನಿತಾ ಅವಚಟ ಮತ್ತು ಲೇಖಕ ಅನಿಲ ಅವಚಟ ದಂಪತಿಗಳು, ಪು. ಲ. ದೇಶಪಾಂಡೆ ಮತ್ತು ಸುನೀತಾಬಾಯಿಯವರ ನೆರವಿನಿಂದ 1986ರಲ್ಲಿ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರವನ್ನು ತೆರೆದರು. ಊರಿನ ಕಡೆ ಹೋಗುವುದಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮನೆಯಿಂದಲೇ ಕೇಳಬೇಕೆನ್ನುವವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಉಚಿತ ದೂರವಾಣಿ 14446 ಇದೆ; 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಮನೋಸ್ವಾಸ್ಥ್ಯದ ದೂರವಾಣಿ 14416 ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡುತ್ತದೆ.

ಹಳೆಯ ದಾರಿಯೂ ಇದೆ. ನಮ್ಮ ಭೋಸರಿಗೆ ಆಳಂದಿ, ದೇಹು ಎರಡೂ ಹತ್ತಿರ. ಕೊರಳಲ್ಲಿ ತುಳಸಿಯ ಮಾಲೆ ಧರಿಸಿದ ವಾರಕರಿಯನ್ನು ಇಲ್ಲಿ ‘ಮಾಳಕರಿ’ ಎನ್ನುತ್ತಾರೆ; ಮಾಳಕರಿಯೆಂದರೆ ಮದ್ಯಮಾಂಸ ಮುಟ್ಟದವನೆಂದೇ ಅರ್ಥ. ‘ತಾ ಮಾಳ ಹಾಕೊಂಡಾನ’ ಎಂದರೆ ಸಾಕು, ಗೆಳೆಯರು ಅವನ ಮುಂದೆ ಲೋಟ ಸರಿಸುವುದಿಲ್ಲ. ಒತ್ತಾಯದ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಜ್ಞಾನದೇವರೇ ‘ಕಾನಡಾ’ ಎಂದು ಕರೆದ ಆ ವಿಠ್ಠಲ ನಮ್ಮವನೂ ಹೌದಲ್ಲವೇ? ಕುಡಿಯುವುದಕ್ಕೆ ನೂರು ನುಡಿಗಟ್ಟು ಮಾಡಿಕೊಂಡ ಜನ ಬಿಟ್ಟದ್ದಕ್ಕೂ ಒಂದು ಗೌರವದ ನುಡಿಗಟ್ಟು ಉಳಿಸಿಕೊಂಡಿದ್ದಾರೆಂಬುದು ಸಣ್ಣ ಮಾತಲ್ಲ.

ಅಡ್ಡ ಬಾಟಲಿ

ಇನ್ನು ಮುಂಚೆ ಹೇಳಿದ ‘ಅಡ್ಡ’ದ ಮಾತು. ಮಹಾರಾಷ್ಟ್ರದ ಹೆಣ್ಣುಮಕ್ಕಳು ಈ ನಿಘಂಟಿಗೆ ಒಂದು ಹೊಸ ನುಡಿಗಟ್ಟು ಸೇರಿಸಿದ್ದಾರೆ: ‘ಉಭೀ ಬಾಟಲೀ, ಆಡವೀ ಬಾಟಲೀ’. ತಮ್ಮ ಹಳ್ಳಿಯ ಅಥವಾ ವಾರ್ಡಿನ ಮದ್ಯದಂಗಡಿ ಬೇಡವೆಂದು ನಿಗದಿಯಾದಷ್ಟು ಮಹಿಳಾ ಮತದಾರರು ಅರ್ಜಿ ಸಲ್ಲಿಸಿದರೆ ಗುಪ್ತ ಮತದಾನ ನಡೆಸಬೇಕೆಂದು 2008ರ ಸರಕಾರಿ ಆದೇಶ ದಾರಿ ಮಾಡಿತು. ಓದು ಬಾರದವರಿಗೂ ತಿಳಿಯುವಂತೆ ಮತಪತ್ರಿಕೆಯಲ್ಲಿ ಎರಡೇ ಚಿತ್ರ. ನಿಂತ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಇರಲಿ ಎಂದು, ಅಡ್ಡ ಮಲಗಿದ ಬಾಟಲಿಗೆ ಹಾಕಿದರೆ ಮುಚ್ಚಲಿ ಎಂದು. ಅರ್ಧಕ್ಕಿಂತ ಹೆಚ್ಚು ಮಹಿಳಾ ಮತದಾರರು ಅಡ್ಡ ಬಾಟಲಿಯನ್ನು ಆರಿಸಿದರೆ ಅಂಗಡಿ ಮುಚ್ಚಬೇಕು. ಹೀಗೆ ಎಷ್ಟೋ ಹಳ್ಳಿಗಳಲ್ಲಿ ಬಾಟಲಿಯನ್ನು ಮಲಗಿಸಿದ್ದಾರೆ. ಇಷ್ಟು ದಿನ ಗಂಡಸು ಅಡ್ಡ ಬೀಳುತ್ತಿದ್ದ, ಬಾಟಲಿ ನೆಟ್ಟಗೆ ನಿಲ್ಲುತ್ತಿತ್ತು. ಅವರು ಅದನ್ನು ತಿರುಗಿಸಿ ಇಟ್ಟರು. ನಮ್ಮ ಮನೆಗಳ ಹೆಣ್ಣುಮಕ್ಕಳು ಎಷ್ಟು ಜನ ಇಲ್ಲಿಯ ಮತದಾರರ ಯಾದಿಯಲ್ಲಿ ಹೆಸರು ಬರೆಸಿದ್ದಾರೆ? ಊರಿನ ಯಾದಿಯಲ್ಲಿಯೇ ಹೆಸರು ಬಿಟ್ಟು ಬಂದವರಿಗೆ ಇಲ್ಲಿ ಈ ಹಕ್ಕು ಸಿಗಲಾರದು. ಇದನ್ನು ಪ್ರತಿಯೊಂದು ಮನೆಯೂ ವಿಚಾರಿಸಿಕೊಳ್ಳಬೇಕು.

ನಗೆಯ ಮಾತುಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ರತ್ನನಿಲ್ಲದೆ ಕನ್ನಡ ಬಡವಾದೀತು. ಕೋತಿಯ ಗಾದೆಯಿಲ್ಲದೆ ಅಜ್ಜಿಯ ಬಾಯಿ ಬಡವಾದೀತು. ಆದರೆ ನಗೆಯ ಮಾತು ಯಾವುದು, ಮರೆಯ ಮಾತು ಯಾವುದು ಎಂಬ ವಿವೇಕ ನಮಗಿರಬೇಕು. ನೆರೆಮನೆಯ ತಂಗಿ ‘ಅವರಿಗೆ ಆರಾಮಿಲ್ಲ’ ಎಂದು ಮೂರನೆಯ ಸಲ ಹೇಳಿದಾಗ, ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ‘ಏನಾಗೇತಿ, ಖರೇ ಹೇಳವ್ವ’ ಎಂದು ಕೇಳುವ ಒಂದು ಕಟ್ಟೆ ಪರಊರಿನಲ್ಲಿ ನಮ್ಮ ಸಂಘಗಳಲ್ಲದೆ ಬೇರೆ ಯಾರು ಕಟ್ಟಬೇಕು?

ಕನ್ನಡದಲ್ಲಿ ‘ಕುಡಿ’ ಎಂಬ ಶಬ್ದಕ್ಕೂ ಎರಡು ಅರ್ಥವಿದೆ. ಒಂದು, ಲೋಟ ಎತ್ತುವುದು. ಇನ್ನೊಂದು, ಬಳ್ಳಿಯ ತುದಿಯ ಎಳೆಯ ಚಿಗುರು. ವಂಶದ ಕುಡಿಯೆಂದು ನಾವು ಮಕ್ಕಳನ್ನು ಕರೆಯುತ್ತೇವೆ. ಎರಡರಲ್ಲಿ ಯಾವ ಕುಡಿ ನಮ್ಮ ಮನೆಯಲ್ಲಿ ಬೆಳೆಯಬೇಕೆಂಬುದನ್ನು ಪ್ರತಿಯೊಂದು ಮನೆಯವರೂ ಕೂಡಿ ಕುಳಿತು ತೀರ್ಮಾನಿಸಲಿ.